ಸಂಜೆ ಆರರ ನಂತರದ ವಿಜಯಪುರ

ವಿಜಯಪುರಕ್ಕೆ ಬರುವ ಪ್ರವಾಸಿ ಬಸ್ಸುಗಳ ರೂಢಿ ಹೆಚ್ಚುಕಡಿಮೆ ಒಂದೇ. ಹನ್ನೊಂದರ ಬಿಸಿಲಲ್ಲಿ ಗೋಳಗುಮ್ಮಟ. ಊಟ ಆದ ಮೇಲೆ ಇಬ್ರಾಹಿಂ ರೋಜಾ, ಬಾರಾ ಕಮಾನ್. ಹೊತ್ತು ಮುಳುಗುವ ಮೊದಲೇ ಆಲಮಟ್ಟಿ ಕಡೆ ಮುಖ. ಅಲ್ಲಿ ಅಣೆಕಟ್ಟು ಇದೆ, ಉದ್ಯಾನಗಳಿವೆ, ಸಂಗೀತ ಕಾರಂಜಿ ಇದೆ. ಧಾರವಾಡದಿಂದ ಬಂದಿದ್ದ ನಮ್ಮ ಕಾಕಾ ಕೂಡ ಹೊರಡಲು ಚೀಲ ಕಟ್ಟಿಕೊಂಡಿದ್ದರು. ಇವತ್ತೊಂದು ರಾತ್ರಿ ಇರ್ರಿ ಅಂದೆ. "ಇದ್ದು? ಸಂಜಿ ಮುಂದ ಎಲ್ಲಿ ಹೋಗೂದೋ ತಮ್ಮಾ?" ಅಂದರು.

ಈ ಊರನ್ನು ರಾಜಧಾನಿ ಮಾಡಿಕೊಂಡು ಆಳಿದ ಆದಿಲ್‌ಶಾಹಿ ಸುಲ್ತಾನರ ಕಾಲದಲ್ಲಿ ಬಂದ ಪ್ರಯಾಣಿಕರಿಗೆ ಈ ಚಿಂತೆ ಇದ್ದಂತಿಲ್ಲ. ನೀರು ಇರುವ ಕಡೆ ಬಿಡಾರ ಹೂಡಿದರೆ ಆಯಿತು. 1620ರ ಸುಮಾರಿಗೆ, ಎರಡನೇ ಇಬ್ರಾಹಿಂನ ಆಳ್ವಿಕೆಯಲ್ಲಿ ಕಟ್ಟಿದ ತಾಜ್ ಬಾವಡಿಯನ್ನೇ ನೋಡಿ. ಬಾವಿ ಅನ್ನುವುದಕ್ಕಿಂತ ಕಲ್ಲು ಕಟ್ಟಿದ ಕೊಳ ಅನ್ನಬಹುದು. ಒಂದೊಂದು ಬದಿ ಸುಮಾರು 223 ಅಡಿ, ಆಳ 52 ಅಡಿ. ಎದುರಿಗೆ ದೊಡ್ಡ ಕಮಾನು, ಅದರ ಆಚೆ ಈಚೆ ಎಂಟು ಮೂಲೆಯ ಎರಡು ಬುರುಜು. ಪೂರ್ವ, ಪಶ್ಚಿಮದ ಕಟ್ಟಡಗಳು ಪ್ರಯಾಣಿಕರು ಉಳಿಯುವ ತಂಗುದಾಣಗಳು. ಇವತ್ತಿನ ಭಾಷೆಯಲ್ಲಿ ಹೇಳಿದರೆ ನೀರಿನ ನೋಟ ಇರುವ ಲಾಡ್ಜ್!

ನೀರಿಗೆ ಇಷ್ಟು ಪಾಡು ಯಾಕೆ? ಈ ಊರಿನ ಪಕ್ಕದಲ್ಲಿ ದೊಡ್ಡ ಹೊಳೆ ಇಲ್ಲ. ಕೃಷ್ಣೆ ದಕ್ಷಿಣಕ್ಕೆ ದೂರ, ಭೀಮೆ ಉತ್ತರಕ್ಕೆ ದೂರ. ಹತ್ತಿರದ ಡೋಣಿ ಹೊಳೆಯ ನೀರು ಸವಳು. ಮಳೆಯನ್ನು ನಂಬಿ ರಾಜಧಾನಿ ನಡೆಸಲು ಆಗುವುದಿಲ್ಲ. ಹಾಗಾಗಿ ಹತ್ತಿರದ ತೊರವಿ ಹಳ್ಳಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದರು. ಊರು ಬೆಳೆದಂತೆ ಅದೂ ಸಾಲಲಿಲ್ಲ. 1651ರಲ್ಲಿ ಮೊಹಮ್ಮದ್ ಆದಿಲ್‌ ಶಾ ದಕ್ಷಿಣ ದಿಕ್ಕಿನಲ್ಲಿ 234 ಎಕರೆಯ ಬೇಗಂ ತಾಲಾಬ್ ಕಟ್ಟಿಸಿದ.

ಈ ಕೆರೆಯ ನಿಜವಾದ ಜಾಣತನ ಇರುವುದು ನೆಲದಡಿ. ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆ ಕಟ್ಟಿ, ಊರಿನ ತನಕ ಹೂತಿದ್ದರು. ಇಳಿಜಾರಿನಲ್ಲಿ ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆ ಒಡೆಯುತ್ತದೆ ಅಲ್ವಾ? ಅದಕ್ಕೆ ದಾರಿಯಲ್ಲಿ ಅಲ್ಲಲ್ಲಿ 25ರಿಂದ 40 ಅಡಿ ಎತ್ತರದ ಗೋಪುರ ಎಬ್ಬಿಸಿದರು. ನೀರು ಅದರೊಳಗೆ ಏರಿ ಒತ್ತಡ ಇಳಿಸಿಕೊಳ್ಳುತ್ತದೆ, ಕಸ ತಳದಲ್ಲಿ ಕೂರುತ್ತದೆ, ತಿಳಿನೀರು ಮುಂದೆ ಹೋಗುತ್ತದೆ. ಇವೇ ಗಂಜ್‌ಗಳು. ಕೆಲವು ಇನ್ನೂ ನಿಂತಿವೆ. ಅವುಗಳ ಪಕ್ಕದಲ್ಲೇ ದಿನಾ ಓಡಾಡುವ ಎಷ್ಟೋ ಜನ ಅವನ್ನು ಯಾವುದೋ ಕಾವಲು ಬುರುಜು ಅಂದುಕೊಂಡಿದ್ದಾರೆ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ.

ಸುಮ್ನೆ ಮೋಜಿಗೂ ನೀರು ಬಳಸಿದವರು ಅವರು. ಸಿಂದಗಿ ರಸ್ತೆಯ ಕುಮಟಗಿಗೆ ಹೋದರೆ ಕೆರೆ, ಕೊಳದ ನಡುವೆ ಮಂಟಪ, ಮೇಲಿನಿಂದ ಮಳೆಯಂತೆ ನೀರು ಸುರಿಸಲು ಕೊಳವೆಗಳ ಏರ್ಪಾಡು, ಅದಕ್ಕೆ ನೀರು ಏರಿಸುವ ಗೋಪುರ ಕಾಣುತ್ತವೆ. ಗೋಡೆಯ ಮೇಲೆ ಕುದುರೆ ಏರಿ ಚೆಂಡಾಡುವವರ, ಕುಸ್ತಿ ಹಿಡಿಯುವವರ ಚಿತ್ರಗಳಿದ್ದವು, ಈಗ ಬಹಳ ಮಾಸಿವೆ. ಬೇಸಿಗೆಯಲ್ಲಿ ಅರಮನೆಯವರು ತಂಪು ಹುಡುಕಿ ಬರುತ್ತಿದ್ದ ಜಾಗ ಇದು. ನಾವು ಈಗ ರೆಸಾರ್ಟ್ ಅನ್ನುವುದು ಇದಕ್ಕೇ.

1686ರಲ್ಲಿ ಔರಂಗಜೇಬ ಊರು ಗೆದ್ದ. ರಾಜಧಾನಿ ಹೋಯಿತು, ಜನರೂ ಹೋದರು. ಕೊಳವೆ ರಿಪೇರಿ ಮಾಡಿಸುವವರು ಯಾರು? ಮುಂದಿನ ಎರಡು ಶತಮಾನ ಹಾಳುಬಿದ್ದ ಕಟ್ಟಡಗಳದ್ದೇ ಕಥೆ. 1880ರ ದಶಕದಲ್ಲಿ ರೈಲು ಬಂತು, ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಬ್ರಿಟಿಷರು ಹಳೆಯ ಮಹಲುಗಳಲ್ಲೇ ಕಚೇರಿ, ಮನೆ ಮಾಡಿಕೊಂಡರು. ಗೋಳಗುಮ್ಮಟದ ಮಗ್ಗುಲಿನ ಮಸೀದಿ ಕೆಲಕಾಲ ಪ್ರವಾಸಿ ಬಂಗಲೆಯೇ ಆಗಿತ್ತು. ಎದುರಿನ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುವ ಕಟ್ಟಡದಲ್ಲಿ, 1892ರಲ್ಲಿ ವಸ್ತುಸಂಗ್ರಹಾಲಯ ಶುರುವಾಯಿತು. ವಿಜಯಪುರ ಅಂದರೆ ಗುಮ್ಮಟ ಅನ್ನುವ ಲೆಕ್ಕ ಗಟ್ಟಿಯಾದದ್ದು ಆಗಲೇ ಇರಬೇಕು. ನೀರಿನ ಊರು ಅನ್ನುವುದು ಮರೆತುಹೋಯಿತು. ಲಾಡ್ಜ್‌ಗಳು ಬಸ್‌ ನಿಲ್ದಾಣ, ಗಾಂಧಿ ಚೌಕದ ಸುತ್ತ ಎದ್ದವು. ಮಾರುಕಟ್ಟೆಗೆ, ಕೋರ್ಟಿಗೆ, ಸಿದ್ಧೇಶ್ವರ ಜಾತ್ರೆಗೆ ಬರುವವರಿಗೆ ಅದೇ ಅನುಕೂಲ. ತಾಜ್ ಬಾವಡಿಗೆ ಕಸ, ಹೂವು, ಗಣಪತಿ ಮೂರ್ತಿಗಳು ಬಿದ್ದವು. ನೀರು ಹಸಿರಾಗಿ ನಾತ ಹೊಡೆಯುತ್ತಿತ್ತು.

ಬದಲಾವಣೆ ಕಂಡದ್ದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ. ಎಂ.ಬಿ. ಪಾಟೀಲರು ಜಲಸಂಪನ್ಮೂಲ ಸಚಿವರಾಗಿದ್ದಾಗ ಹಳೆಯ ಬಾವಡಿಗಳ ಹೂಳು ತೆಗೆಯುವ ಕೆಲಸ ನಡೆಯಿತು. ಕೆರೆ ತುಂಬುವ ಯೋಜನೆಯಲ್ಲಿ ಕೃಷ್ಣೆಯ ನೀರು ಬೇಗಂ ತಾಲಾಬ್‌ಗೂ ಭೂತನಾಳ ಕೆರೆಗೂ ಬಂತು. ಹಿಂದೆ ಮಳೆ ಕಟ್ಟಿದ ಕೆರೆ, ಈಗ ಪಂಪು ತುಂಬಿಸುವ ಕೆರೆ. ಮೋಟಾರು ನಿಂತರೆ ಸಂಜೆಯ ಸೊಬಗೂ ನಿಲ್ಲುತ್ತದೆ, ಅದು ಬೇರೆ ಮಾತು.

ಕೆರೆ ತುಂಬಿದ ಕೂಡಲೇ ಎಲ್ಲರಿಗೂ ದೋಣಿ ನೆನಪಾಗುತ್ತದೆ. ದೋಣಿ ಬೇಡ ಅನ್ನುವುದಿಲ್ಲ. ಆದರೆ ಅದು ಯಾವ ಊರಿನಲ್ಲೂ ಸಿಗುತ್ತದೆ. ಬೇಗಂ ತಾಲಾಬ್‌ನಿಂದ ಗಂಜ್‌ ಗಂಜ್‌ ಹಿಡಿದು ಊರೊಳಗೆ ಟಾಂಗಾದಲ್ಲಿ ಬರುವ ಸವಾರಿ ಇಲ್ಲಿ ಬಿಟ್ಟರೆ ಎಲ್ಲಿ ಸಿಗುತ್ತದೆ? ಅದಕ್ಕೆ ಒಂದಷ್ಟು ಫಲಕ, ಕಥೆ ಹೇಳಬಲ್ಲ ನಾಲ್ಕು ಜನ ಸಾಕು.

ರಾತ್ರಿ ಉಳಿಯಲು ಇನ್ನೊಂದು ಕಾರಣವೂ ಇದೆ. ಗೋಳಗುಮ್ಮಟದ ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಬದಿಯ ಗೋಡೆಗೆ ಪಿಸುಗುಟ್ಟಿದರೆ ಎದುರು ಬದಿಗೆ ಕೇಳುತ್ತದೆ. ಆದರೆ ಹನ್ನೊಂದು ಗಂಟೆಗೆ ಅಲ್ಲಿ ಬರೀ ಗದ್ದಲ. ಶಾಲೆ ಮಕ್ಕಳ ಕೂಗು, ಸಿಳ್ಳೆ. ಪಿಸುಮಾತು ಕೇಳಬೇಕಾದರೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು.

ಕಾಕಾ ಕೊನೆಗೂ ಚೀಲ ಬಿಚ್ಚಿದರು. ಸಂಜೆ ಬೇಗಂ ತಾಲಾಬ್ ದಂಡೆ ಮೇಲೆ ಕೂತು ಒಂದು ಪೊಟ್ಟಣ ಚುರುಮುರಿ ಮುಗಿಸಿದೆವು. ಮರುದಿನ ಆರಕ್ಕೇ ಗುಮ್ಮಟ ಹತ್ತಿದೆವು. ಅವರು ಆ ಬದಿಗೆ ಹೋಗಿ ಗೋಡೆಗೆ ಬಾಯಿ ಇಟ್ಟರು. ಈ ಬದಿಯಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಕೇಳಿತು: "ಚಾ ಕುಡಿಯೂಣೇನೋ?"