ಸಟೈವಾ ಅಂದರೆ ಜವಾರಿ ಗಾಂಜಾನಾ?

ವಿಜಯಪುರ ಕಡೆಯ ಓದುಗರೊಬ್ಬರ ಪ್ರಶ್ನೆ: "ಹೊರದೇಶದಲ್ಲಿ 'ಸಟೈವಾ ಜಾಸ್ತಿ' ಅಂತ ಹೇಳಿ ಗಾಂಜಾ ಮಾರುತ್ತಾರಲ್ಲ, ಅದು ಜವಾರಿಯೋ, ಹೈಬ್ರಿಡ್ಡೋ?"

ಹೆಚ್ಚುಕಮ್ಮಿ ಎಲ್ಲಾ ಹೈಬ್ರಿಡ್ಡೇ. ಮಾಲದಂಡಿ ಜೋಳ ಯಾವುದು, ಹೈಬ್ರಿಡ್ ಜೋಳ ಯಾವುದು ಅಂತ ರೊಟ್ಟಿ ಮುರಿದೇ ಹೇಳುವ ಸೀಮೆಯಿಂದ ಈ ಪ್ರಶ್ನೆ ಬಂದಿದ್ದು ಸರಿಯಾಗೇ ಇದೆ.

ಗಾಂಜಾದಲ್ಲೂ ಜವಾರಿ ತಳಿಗಳಿವೆ. ಕೇರಳ, ಥಾಯ್ಲೆಂಡ್, ಮೆಕ್ಸಿಕೊ, ಕೊಲಂಬಿಯಾದ ಗಿಡಗಳು ಎತ್ತರ. ಎಲೆಯ ಎಸಳು ಸಣ್ಣ, ಉದ್ದ. ಹೂ ಬಲಿಯಲು ಮೂರು ತಿಂಗಳು, ಕೆಲವಕ್ಕೆ ಇನ್ನೂ ಜಾಸ್ತಿ. ಮಾರುಕಟ್ಟೆಯಲ್ಲಿ ಸಟೈವಾ ಅನ್ನುವುದು ಇವಕ್ಕೇ. ಬಿಸಿಲುನಾಡಿನಲ್ಲಿ ಇದು ನಡೆಯುತ್ತದೆ, ಬೇಗ ಚಳಿ ಬೀಳುವ ಕಡೆ ನಡೆಯುವುದಿಲ್ಲ. ಅಫ್ಘಾನಿಸ್ತಾನದ ಗುಡ್ಡಗಾಡಿನ ಗಿಡವೋ ಕುಳ್ಳು, ಅಗಲ ಎಲೆ, ಎರಡು ತಿಂಗಳಲ್ಲಿ ಹೂ ತಯಾರು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಎರಡನ್ನೂ ಕೂಡಿಸಿದರು. ಸ್ಕಂಕ್ ನಂಬರ್ 1 ಅನ್ನುವ ತಳಿ ಹುಟ್ಟಿದ್ದು ಹಾಗೆ. ಅದರಲ್ಲಿ ಕೊಲಂಬಿಯಾ, ಮೆಕ್ಸಿಕೊ, ಅಫ್ಘಾನಿಸ್ತಾನ ಮೂರೂ ಇವೆ. ಕ್ಯಾಲಿಫೋರ್ನಿಯಾದ್ದೇ ಆದ ಹೇಜ್ ತಳಿಯಲ್ಲಿ ಮಾತ್ರ ಅಫ್ಘಾನಿ ಬೆರಕೆ ಇಲ್ಲವಂತೆ, ದಕ್ಷಿಣ ಭಾರತದ ಬೀಜ ಇದೆಯಂತೆ. ಕದ್ದು ಬೆಳೆದವರು ಲೆಕ್ಕ ಬರೆದಿಡುತ್ತಾರಾ? ವಂಶಾವಳಿ ಎಲ್ಲಾ ಬಾಯಿಮಾತು. ಇವತ್ತಿನ 'ಸಟೈವಾ ಜಾಸ್ತಿ' ತಳಿಗಳಲ್ಲಿ ಬಹಳಷ್ಟು ಈ ಹೇಜ್‌ನ ಮಕ್ಕಳು, ಮೊಮ್ಮಕ್ಕಳು.

ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಒಯ್ಯುವುದು ಗಾಳಿ. ಹಾಗಾಗಿ ತಳಿ ಕೂಡಿಸುವುದು ಸುಲಭ, ಬೆರಕೆಯಾಗದಂತೆ ಕಾಯುವುದು ಕಷ್ಟ. ಹೈಬ್ರಿಡ್ ಬೀಜ ತೆಗೆದಿಟ್ಟು ಮತ್ತೆ ಬಿತ್ತಿದರೆ ಏನಾಗುತ್ತದೆ ಅಂತ ನಮ್ಮ ರೈತರಿಗೆ ಹೇಳಬೇಕಾ? ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ. ಅದಕ್ಕೇ ಒಳ್ಳೆಯ ಹೆಣ್ಣು ಗಿಡ ಸಿಕ್ಕರೆ ಕಬ್ಬಿನಂತೆ ತುಂಡು ನೆಟ್ಟೇ ಮುಂದುವರಿಸುತ್ತಾರೆ. (ಕಬ್ಬಿನ ನಡುವೆ ಅದನ್ನೇ ನೆಟ್ಟೀರಿ ಮತ್ತೆ! 1985ರ ಮಾದಕವಸ್ತು ತಡೆ (ಎನ್‌ಡಿಪಿಎಸ್) ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಬೆಳೆದರೆ 10 ವರ್ಷದವರೆಗೆ ಜೈಲು.)

ಇನ್ನು ಹೆಸರು. ಅದನ್ನು ನಾನಂತೂ ನಂಬುವುದಿಲ್ಲ. 2015ರಲ್ಲಿ ಕೆನಡಾದ ಸಂಶೋಧಕರು ಜೀನ್ ಪರೀಕ್ಷೆ ಮಾಡಿದಾಗ, ಮೂರರಲ್ಲೊಂದು ಮಾದರಿ ತನ್ನದೇ ಹೆಸರಿನ ಗಿಡಕ್ಕಿಂತ ಬೇರೆ ಹೆಸರಿನ ಗಿಡಕ್ಕೆ ಹತ್ತಿರ ಇತ್ತು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸಟೈವಾ ಅಂತ ಹೆಸರಿಟ್ಟಿದ್ದು ಯುರೋಪಿನಲ್ಲಿ ನಾರು ತೆಗೆಯಲು ಬೆಳೆಯುತ್ತಿದ್ದ ಗಿಡಕ್ಕೆ. ಭಾರತದ ಸಣ್ಣ ಎಸಳಿನ ಗಿಡ ನೋಡಿ ಇನ್ನೊಬ್ಬ ವಿಜ್ಞಾನಿ ಲಾಮಾರ್ಕ್ 1785ರಲ್ಲಿ ಇಂಡಿಕಾ ಅಂದ. ಆಮೇಲೆ ಆ ಹೆಸರು ಅಫ್ಘಾನಿ ಕುಳ್ಳನಿಗೆ ಹೋಗಿಬಿಟ್ಟಿತು. ಹೀಗೆ ಇಂಡಿಯಾದ ಜವಾರಿ ಗಿಡವೇ ಸಟೈವಾ ಆಯಿತು.