ಸುರಕ್ಷತೆಗೆ ಬಹುಮಾನ: ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ

ಈ ಪಾಠದಲ್ಲಿ ಒಂದು ಪ್ರಶ್ನೆ ಗಟ್ಟಿ ಮಾಡಿಕೊಂಡರೆ ಉಳಿದದ್ದು ತಾನಾಗಿ ಹತ್ತುತ್ತದೆ. ಕೆಲಸದ ಜಾಗದಲ್ಲಿ ಸುರಕ್ಷತೆಗೆ ಅಂತ ಬಹುಮಾನ ಕೊಡುತ್ತಿರುವುದು ಯಾವುದಕ್ಕೆ? ಗಾಯ ಆಗಲಿಲ್ಲ ಅನ್ನುವುದಕ್ಕಾ, ಅಥವಾ ಗಾಯ ಆಗದ ಹಾಗೆ ಯಾರೋ ಏನೋ ಮಾಡಿದ್ದಕ್ಕಾ? ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಒಂದೇ ಅಲ್ಲ.

"ಈ ತಿಂಗಳು ತಂಡದಲ್ಲಿ ಒಂದೂ ಗಾಯ ಇಲ್ಲದಿದ್ದರೆ ಎಲ್ಲರಿಗೂ ಬೋನಸ್" ಅನ್ನುವುದು ಫಲಿತಾಂಶ ನೋಡಿ ಕೊಡುವ ಬಗೆ. ಅಪಾಯ ಕಂಡು ತಿಳಿಸಿದವರಿಗೆ, ತರಬೇತಿ ಮುಗಿಸಿದವರಿಗೆ, ತಪಾಸಣೆಯಲ್ಲಿ ಕೈಜೋಡಿಸಿದವರಿಗೆ ಕೊಡುವುದು ನಡವಳಿಕೆ ನೋಡಿ ಕೊಡುವ ಬಗೆ. ಪರೀಕ್ಷೆಗೆ ಓದುವವರು ಇದನ್ನು ಲ್ಯಾಗಿಂಗ್ ಮತ್ತು ಲೀಡಿಂಗ್ ಇಂಡಿಕೇಟರ್‌ಗಳ ಜೊತೆ ಸೇರಿಸಿ ಓದಿ. ಗಾಯದ ಸಂಖ್ಯೆ ಲ್ಯಾಗಿಂಗ್, ಎಲ್ಲ ಮುಗಿದ ಮೇಲೆ ಸಿಗುವ ಲೆಕ್ಕ. ತಿಳಿಸಿದ ಅಪಾಯ, ಮುಗಿಸಿದ ತರಬೇತಿ ಇವು ಲೀಡಿಂಗ್, ಗಾಯಕ್ಕೂ ಮೊದಲೇ ಸಿಗುವ ಲೆಕ್ಕ.

ಮೊದಲ ಬಗೆಯಲ್ಲಿ ಏನಾಗುತ್ತದೆ ನೋಡಿ. ತಿಂಗಳ 28ನೇ ತಾರೀಖು, 12 ಜನರ ತಂಡ. ಒಬ್ಬರ ಬೆರಳು ಯಂತ್ರದ ಚೂಪು ಅಂಚಿಗೆ ತಾಗಿ ಕುಯ್ದುಕೊಳ್ಳುತ್ತದೆ. ಹೇಳಿದರೆ 12 ಜನರ ಬೋನಸ್ಸೂ ಹೋಯಿತು. ಯಾರೂ ಬೆದರಿಸಬೇಕಿಲ್ಲ. "ಇನ್ನೆರಡೇ ದಿನ ಇತ್ತಲ್ಲ" ಅಂತ ಪಕ್ಕದವರು ಅಂದರೆ ಸಾಕು. ಬೆರಳಿಗೆ ಬಟ್ಟೆ ಸುತ್ತಿ, ಮೇಲೆ ಗ್ಲೌಸ್ ಹಾಕಿಕೊಂಡು ಶಿಫ್ಟ್ ಮುಗಿಸುತ್ತಾರೆ. ರಿಜಿಸ್ಟರಿನಲ್ಲಿ ಸೊನ್ನೆ. ಆ ಚೂಪು ಅಂಚು ಮಾತ್ರ ಮುಂದಿನ ಶಿಫ್ಟಿನವರಿಗೂ ಹಾಗೇ ಇರುತ್ತದೆ.

ಲೆಕ್ಕದಲ್ಲೇ ಇರುವ ತೊಂದರೆ

ಮುಚ್ಚಿಡುವವರು ಯಾರೂ ಇಲ್ಲ ಅಂದುಕೊಳ್ಳೋಣ. ಆಗಲೂ ಈ ಬಹುಮಾನ ಸರಿಯಾಗಿ ಕೆಲಸ ಮಾಡುವುದಿಲ್ಲ. ಗಾಯದ ದರ ಅಳೆಯಲು ಬಳಸುವ ಎಲ್‌ಟಿಐಎಫ್‌ಆರ್ (ಲಾಸ್ಟ್ ಟೈಮ್ ಇಂಜುರಿ ಫ್ರೀಕ್ವೆನ್ಸಿ ರೇಟ್) ಅಂದರೆ, ಕೆಲಸಕ್ಕೆ ಬರಲಾಗದಷ್ಟು ಪೆಟ್ಟಾದ ಪ್ರಕರಣಗಳನ್ನು 10 ಲಕ್ಷದಿಂದ ಗುಣಿಸಿ, ಒಟ್ಟು ಕೆಲಸದ ಗಂಟೆಗಳಿಂದ ಭಾಗಿಸುವುದು. ಅಮೆರಿಕದ ಲೆಕ್ಕದಲ್ಲಿ 10 ಲಕ್ಷದ ಬದಲು 2 ಲಕ್ಷ ಬಳಸುತ್ತಾರೆ: 100 ಜನ, ವಾರಕ್ಕೆ 40 ಗಂಟೆ, 50 ವಾರ.

ಇಲ್ಲಿ 10 ಲಕ್ಷದ ಲೆಕ್ಕವನ್ನೇ ಹಿಡಿಯೋಣ. 200 ಜನ ವರ್ಷಕ್ಕೆ ತಲಾ 2,000 ಗಂಟೆ ದುಡಿದರೆ 4 ಲಕ್ಷ ಗಂಟೆ. ಎರಡು ಪ್ರಕರಣ ಆದರೆ ದರ 5. ಈಗ ಇದೇ ಕಡೆ 20 ಜನರ ಒಂದು ತಂಡ ತೆಗೆದುಕೊಳ್ಳಿ. ವರ್ಷಕ್ಕೆ 40,000 ಗಂಟೆ, ಅಂದರೆ ಸರಾಸರಿ 0.2 ಪ್ರಕರಣ. ಐದು ವರ್ಷಕ್ಕೊಂದು! ಹಾಗಾಗಿ 60 ತಿಂಗಳಲ್ಲಿ ಸುಮಾರು 59 ತಿಂಗಳು ಏನೂ ಮಾಡದೆ ಸುಮ್ನೆ ಇದ್ದರೂ ಬಹುಮಾನ ಗ್ಯಾರಂಟಿ. ಪೆಟ್ಟಾದ ಆ ಒಂದು ತಿಂಗಳ ದರ ಇದ್ದಕ್ಕಿದ್ದಂತೆ 300ಕ್ಕೆ ಹಾರುತ್ತದೆ. ಚಿಕ್ಕ ತಂಡಕ್ಕೆ ತಿಂಗಳ ಬಹುಮಾನ ಅಂದರೆ ಲಾಟರಿಯೇ. ಇಷ್ಟು ಸಣ್ಣ ಲೆಕ್ಕವನ್ನೂ ಹಾಕದೆ ಯೋಜನೆ ಮಾಡುವವರು ಜಾಸ್ತಿ.

ಸೊನ್ನೆ ನೋಡಿ ಮೋಸಹೋದ ಕಡೆಗಳು

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಅನ್ನುವ ತೈಲ ಕೊರೆಯುವ ರಿಗ್ ಸ್ಫೋಟಿಸಿ 11 ಜನ ಸತ್ತರು. ಕೆಲಸ ತಪ್ಪಿಸುವಂಥ ಗಾಯವಿಲ್ಲದೆ ಆ ರಿಗ್ ಏಳು ವರ್ಷ ದಾಟಿತ್ತು. ಅದಕ್ಕೆ ಶಹಬ್ಬಾಸ್ ಹೇಳಲು ಬಂದ ಕಂಪನಿ ಅಧಿಕಾರಿಗಳು ಅವತ್ತು ರಿಗ್ ಮೇಲೇ ಇದ್ದರು. ಅದಕ್ಕೂ ಮೊದಲು, 2005ರ ಮಾರ್ಚ್ 23ರಂದು ಟೆಕ್ಸಸ್ ಸಿಟಿಯ ಬಿಪಿ ತೈಲ ರಿಫೈನರಿಯಲ್ಲಿ ಸ್ಫೋಟವಾಗಿ 15 ಜನ ಸತ್ತರು. ಅಲ್ಲೂ ವೈಯಕ್ತಿಕ ಗಾಯದ ದರ ಕಡಿಮೆಯೇ ಇತ್ತು. ಜಾರಿ ಬೀಳುವುದು, ಕೈ ಕುಯ್ದುಕೊಳ್ಳುವುದು ಒಂದು ಜಾತಿಯ ಅಪಾಯ. ಟವರಿನಲ್ಲಿ ದ್ರವದ ಮಟ್ಟ ಮೀರುವುದು, ಮೀಟರ್ ತಪ್ಪು ತೋರಿಸುವುದು ಬೇರೆಯೇ ಜಾತಿ. ಇದು ಪ್ರೋಸೆಸ್ ಸುರಕ್ಷತೆ. ಒಂದರ ಅಂಕಿ ನೋಡಿ ಇನ್ನೊಂದೂ ಚೆನ್ನಾಗಿದೆ ಅನ್ನಲು ಬರುವುದಿಲ್ಲ.

ಹಾಗಾದರೆ ಯಾವುದಕ್ಕೆ?

ನನ್ನ ಮಟ್ಟಿಗೆ ಉತ್ತರ: ಬಾಯಿಬಿಟ್ಟು ಹೇಳಿದ್ದಕ್ಕೆ, ಹೇಳಿದ್ದನ್ನು ಸರಿಪಡಿಸಿದ್ದಕ್ಕೆ. ಆದರೆ ಇಲ್ಲೂ ಒಂದು ಗುಂಡಿ ಇದೆ. ತಿಂಗಳಿಗೆ ಇಷ್ಟು ನಿಯರ್ ಮಿಸ್ (ಸ್ವಲ್ಪದರಲ್ಲೇ ತಪ್ಪಿದ ಅಪಘಾತ) ಕಾರ್ಡ್ ಬರೆಯಲೇಬೇಕು ಅಂದರೆ, "ಎಲ್ಲರೂ ಎಚ್ಚರದಿಂದ ಇರಬೇಕು" ಅನ್ನುವಂಥ ಕಾರ್ಡುಗಳೇ ರಾಶಿ ಬೀಳುತ್ತವೆ. ಬೇಕಿರುವುದು ಇಂಥದ್ದು: "2ನೇ ಗೇಟಿನ ಹತ್ತಿರ ಫೋರ್ಕ್‌ಲಿಫ್ಟ್ ರಿವರ್ಸ್ ಬಂತು. ನಾನು ಪಕ್ಕಕ್ಕೆ ಹಾರಿದೆ. ಕಂಬ ಅಡ್ಡ ಇರುವುದರಿಂದ ಡ್ರೈವರ್‌ಗೆ ಆ ಮೂಲೆ ಕಾಣುವುದಿಲ್ಲ." ಜಾಗ ಇದೆ, ನಡೆದದ್ದು ಇದೆ, ಕಾರಣ ಇದೆ. ಇಂಥ ಕಾರ್ಡಿಗೆ ಸಣ್ಣ ಬಹುಮಾನ ಸಾಕು, ಆದರೆ ಬೇಗ ಕೊಡಬೇಕು. ಮೊತ್ತ ದೊಡ್ಡದಾದಷ್ಟೂ ಆಟ ಆಡುವ ಆಸೆ ಹೆಚ್ಚು.

ಕಾರ್ಡ್ ಬರೆದವರು ಕಂಬ ಕಿತ್ತುಹಾಕಲಾರರು. ಕನ್ನಡಿ ಹಾಕಿಸುವುದು, ನಡೆಯುವ ದಾರಿ ಬೇರೆ ಮಾಡುವುದು ಮ್ಯಾನೇಜರ್ ಕೈಯಲ್ಲಿದೆ. ಹಾಗಾಗಿ ದೂರು ಬಂದ ಮೇಲೆ ಎಷ್ಟು ದಿನದಲ್ಲಿ ಸರಿಯಾಯಿತು ಅನ್ನುವುದನ್ನು ಮ್ಯಾನೇಜರ್ ಬೋನಸ್ಸಿಗೆ ಕಟ್ಟಬೇಕು. ಹೆಚ್ಚಿನ ಯೋಜನೆಗಳು ಈ ಭಾಗವನ್ನೇ ಮರೆಯುತ್ತವೆ. ಹೆಲ್ಮೆಟ್, ಗ್ಲೌಸ್ ಹಾಕಿದ್ದಕ್ಕೆ ಕೂಪನ್ ಕೊಡುತ್ತಾರೆ. ಅಪಾಯ ತಡೆಯುವ ಕ್ರಮಗಳನ್ನು ಹೆಚ್ಚು ಪರಿಣಾಮದ್ದರಿಂದ ಕಡಿಮೆಯದರವರೆಗೆ ಜೋಡಿಸಿದ ಏಣಿಯಲ್ಲಿ ಪಿಪಿಇ, ಅಂದರೆ ಇಂಥ ಮೈಮೇಲೆ ಹಾಕುವ ರಕ್ಷಣಾ ಸಾಧನ, ಇರುವುದು ಕೊನೆಯ ಮೆಟ್ಟಿಲಲ್ಲಿ. ಮೊದಲ ಮೆಟ್ಟಿಲು ಅಪಾಯವನ್ನೇ ತೆಗೆದುಹಾಕುವುದು.

ಬಹುಮಾನ ಅಂದರೆ ದುಡ್ಡೇ ಆಗಬೇಕು ಅಂತಿಲ್ಲ. ಅಮೆರಿಕದ ವಿಮಾನಯಾನದಲ್ಲಿ ನಾಸಾ 1976ರಿಂದ ಒಂದು ಗುಪ್ತ ವರದಿ ವ್ಯವಸ್ಥೆ ನಡೆಸುತ್ತಿದೆ. ಬೇಕೆಂದು ಮಾಡದ ನಿಯಮಭಂಗವನ್ನು 10 ದಿನದೊಳಗೆ ತಿಳಿಸಿದರೆ, ಕೆಲವು ಷರತ್ತುಗಳ ಮೇಲೆ, ದಂಡದಿಂದ ವಿನಾಯಿತಿ ಸಿಗುತ್ತದೆ. ಅಪಘಾತಕ್ಕೂ ಕ್ರಿಮಿನಲ್ ಕೃತ್ಯಕ್ಕೂ ಈ ರಿಯಾಯಿತಿ ಇಲ್ಲ. ಹೇಳಿದರೆ ಪೆಟ್ಟು ಬೀಳುವುದಿಲ್ಲ ಅನ್ನುವ ಭರವಸೆಯೇ ಅಲ್ಲಿ ಇನ್ಸೆಂಟಿವ್.

ಕಾನೂನಿನ ವಿಷಯ ಚಿಕ್ಕದಾಗಿ. ಗಾಯದ ದರಕ್ಕೆ ಕಟ್ಟಿದ ಬಹುಮಾನವನ್ನು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಪೂರ್ತಿ ನಿಷೇಧಿಸಿಲ್ಲ. ವರದಿ ಮಾಡುವವರ ಬಾಯಿ ಕಟ್ಟುವಂತಿರಬಾರದು, ಅಪಾಯ ತಿಳಿಸಿದವರಿಗೂ ಬಹುಮಾನ ಇಡುವಂಥ ಮುನ್ನೆಚ್ಚರಿಕೆ ಜೊತೆಗಿರಲಿ ಅಂತ 2018ರಲ್ಲಿ ಸ್ಪಷ್ಟಪಡಿಸಿತು.

ಕೊನೆಗೆ ಅಭ್ಯಾಸಕ್ಕೊಂದು ಪ್ರಶ್ನೆ. ಯೋಜನೆ ಶುರುವಾದ ಮೇಲೆ ನಿಯರ್ ಮಿಸ್ ವರದಿಗಳು ತಿಂಗಳಿಗೆ 10 ಇದ್ದದ್ದು 60 ಆದವು. ಪ್ರಥಮ ಚಿಕಿತ್ಸೆ ಪ್ರಕರಣಗಳೂ ಸ್ವಲ್ಪ ಏರಿದವು. ಯೋಜನೆ ಸೋತಿತಾ? ಅಷ್ಟರಿಂದ ಹಾಗೆ ಹೇಳಲಾಗದು. ಮೊದಲೂ ನಡೆಯುತ್ತಿದ್ದದ್ದು ಈಗ ಪುಸ್ತಕಕ್ಕೆ ಬರುತ್ತಿರಬಹುದು. ಗಂಭೀರ ಗಾಯಗಳು ಏರಿದವಾ, 60ರಲ್ಲಿ ಎಷ್ಟು ಸರಿಯಾದವು, ಒಂದೇ ಜಾಗದ ಬಗ್ಗೆ ಮತ್ತೆ ಮತ್ತೆ ಕಾರ್ಡ್ ಬರುತ್ತಿದೆಯಾ ಅಂತ ನೋಡಿ ಉತ್ತರ ಬರೆಯಿರಿ.