ತಾಯಿ ಕಾರ್ಡಿನ ಖಾಲಿ ಮನೆಗಳು

ತಾಯಿ ಕಾರ್ಡಿನ ಲಸಿಕೆ ಪುಟ ನೋಡಲು ಚೌಕಾಬಾರದ ಹಾಸಿನಂತೆಯೇ ಇರುತ್ತದೆ. ಒಂದೊಂದು ಡೋಸಿಗೆ ಒಂದೊಂದು ಮನೆ, ಮನೆಯೊಳಗೆ ತಾರೀಖು. 2020ರ ಮಾರ್ಚ್‌ನಿಂದ ಮುಂದಿನ ಎರಡು ವರ್ಷ ಹುಟ್ಟಿದ ಮಕ್ಕಳ ಕಾರ್ಡು ಬಿಡಿಸಿದರೆ ನಡುನಡುವೆ ಮನೆಗಳು ಖಾಲಿ ಕಾಣುತ್ತವೆ. ಹೆರಿಗೆ ಆಸ್ಪತ್ರೆಯಲ್ಲೇ ಹಾಕಿದ ಬಿಸಿಜಿ, ಹೆಪಟೈಟಿಸ್‌ ಬಿ, ಪೋಲಿಯೊ ಹನಿ ಇರುತ್ತವೆ. ಆರನೇ ವಾರದ್ದು ಇದ್ದರೆ ಹತ್ತನೇ ವಾರದ್ದು ಇರುವುದಿಲ್ಲ. ಒಂಬತ್ತನೇ ತಿಂಗಳಿಗೆ ದಡಾರದ ಸೂಜಿ ಹಾಕಿಸಿದವರು ಒಂದೂವರೆ ವರ್ಷದ್ದಕ್ಕೆ ಬಂದಿರುವುದಿಲ್ಲ. ಸಂತೆ, ಬಸ್ಸು, ಮದುವೆ ಛತ್ರ ಎಲ್ಲ ಮೊದಲಿನಂತಾದವು. ಈ ಮನೆಗಳು ಮಾತ್ರ ತಾವಾಗಿ ತುಂಬಿಕೊಳ್ಳಲಿಲ್ಲ.

ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾ ಲಸಿಕೆಯ ಮೊದಲ ಡೋಸೂ ಸಿಗದ ಮಗುವನ್ನು ‘ಶೂನ್ಯ ಡೋಸ್‌’ ಮಗು ಎಂದು ಲೆಕ್ಕ ಹಿಡಿಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ ಅಂದಾಜಿನಂತೆ ಭಾರತದಲ್ಲಿ ಇಂಥ ಮಕ್ಕಳು 2021ರಲ್ಲಿ ಸುಮಾರು 27 ಲಕ್ಷ, 2022ರಲ್ಲಿ 11 ಲಕ್ಷ, 2023ರಲ್ಲಿ ಮತ್ತೆ 16 ಲಕ್ಷ. ಇಳಿದದ್ದು ಏಕೆ ಏರಿತು ಎಂದರೆ ‘ಜನ ಲಸಿಕೆಗೆ ಹೆದರಿದ್ದಾರೆ’ ಎಂಬ ಉತ್ತರ ತಕ್ಷಣ ಸಿಗುತ್ತದೆ. ಅದು ಅರ್ಧ ಉತ್ತರ. ‘ಬೇಡ’ ಎನ್ನುವ ಒಂದೇ ಮಾತಿನೊಳಗೆ ಮೂರ್ನಾಲ್ಕು ಬೇರೆ ಬೇರೆ ಸಂಗತಿ ಅಡಗಿರುತ್ತವೆ. ಎಲ್ಲದಕ್ಕೂ ಒಂದೇ ಭಾಷಣ ಕೊಟ್ಟರೆ ಯಾವುದಕ್ಕೂ ಉತ್ತರ ಕೊಟ್ಟಂತಾಗುವುದಿಲ್ಲ.

ಮೊದಲನೆಯದು, ಬೇಡ ಎಂದವರೇ ಅಲ್ಲದವರು. ಹೊರಗಿನವರ ಕಣ್ಣಿಗೆ ಇವರೇ ಕಡಿಮೆ ಬೀಳುತ್ತಾರೆ. ಬಾಣಂತನಕ್ಕೆ ತವರಿಗೆ ಹೋದ ತಾಯಿಯ ಹೆಸರು ಗಂಡನ ಮನೆಯ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿರುತ್ತದೆ. ಮಗು ಮಾತ್ರ ತವರಿನಲ್ಲಿ ಆರು, ಹತ್ತು, ಹದಿನಾಲ್ಕನೇ ವಾರ ದಾಟುತ್ತಿರುತ್ತದೆ. ಇವರು ಅವರು ಹಾಕಿರಬೇಕು ಎಂದುಕೊಳ್ಳುತ್ತಾರೆ, ಅವರು ಇವರು ಹಾಕಿರಬೇಕು ಎಂದು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದು ಬೆಂಗಳೂರಿನ ಕಟ್ಟಡಗಳ ಶೆಡ್ಡಿನಲ್ಲಿರುವವರ ಕಥೆಯೂ ಇದೇ. ಕಟ್ಟಡ ಮುಗಿಯುತ್ತಲೇ ಶೆಡ್ಡು ಎದ್ದು ಹೋಗುತ್ತದೆ, ಪಟ್ಟಿ ಅಲ್ಲೇ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಆಶಾ ಮತ್ತು ಎಎನ್‌ಎಂ ಸಿಸ್ಟರುಗಳನ್ನು ಮನೆಮನೆ ಸಮೀಕ್ಷೆಗೆ ಹಾಕಿದರು, ಅಂಗನವಾಡಿ ಮುಚ್ಚಿತ್ತು, ಶಾಲೆ ಮುಚ್ಚಿದ್ದರಿಂದ ಹತ್ತು ಮತ್ತು ಹದಿನಾರು ವರ್ಷಕ್ಕೆ ಹಾಕುವ ಟಿಡಿ (ಧನುರ್ವಾಯು, ಗಂಟಲುಮಾರಿಯ) ಚುಚ್ಚುಮದ್ದೂ ತಪ್ಪಿತು. ಇಂಥ ತಾಯಿಯ ಮುಂದೆ ಲಸಿಕೆಯ ಮಹತ್ವ ಕುರಿತು ಉಪನ್ಯಾಸ ಮಾಡುವುದು ಅವಮಾನ. ಯಾವ ಊರಿನ ಕಾರ್ಡಾದರೂ ಸರಿ, ಯಾವ ಸರ್ಕಾರಿ ಕೇಂದ್ರದಲ್ಲಾದರೂ ಉಚಿತವಾಗಿ ಹಾಕುತ್ತಾರೆ, ಆಧಾರ್‌ ಇಲ್ಲವೆಂದು ವಾಪಸು ಕಳಿಸುವಂತಿಲ್ಲ ಎಂಬಷ್ಟು ಅವಳಿಗೆ ಗೊತ್ತಾದರೆ ಸಾಕು. ಸರ್ಕಾರದ ಆನ್‌ಲೈನ್‌ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಹೆಸರು ಸೇರಿಸಿದ್ದರೆ ಮುಂದಿನ ಊರಿನಲ್ಲೂ ಹಿಂದಿನ ಡೋಸುಗಳು ಕಾಣುತ್ತವೆ. ಆದರೆ ಹೆಸರು ಸೇರಿಸುವ ಮೊದಲಿನ ಡೋಸುಗಳಿಗೆ ಕಾಗದದ ಕಾರ್ಡೇ ಸಾಕ್ಷಿ.

ಎರಡನೆಯದು ನಿಜವಾದ ಭಯ, ಮತ್ತು ಅದು ಬಂದದ್ದು ಮಗುವಿನ ಲಸಿಕೆಯಿಂದಲ್ಲ. ‘ಕೊರೊನಾ ಇಂಜೆಕ್ಷನ್‌ ತಗೊಂಡವ್ರಿಗೆಲ್ಲ ಹಾರ್ಟ್‌ ಅಟ್ಯಾಕ್‌ ಆಗ್ತಿದೆಯಂತಲ್ಲ ಸಿಸ್ಟರ್‌, ಮಗೂಗ್ಯಾಕೆ ಇದು’ ಎಂಬ ಪ್ರಶ್ನೆ 2024ರ ನಂತರ ಜೋರಾಯಿತು. ಆ ವರ್ಷ ಬ್ರಿಟನ್ನಿನ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆಯಲ್ಲಿ ಆಸ್ಟ್ರಾಜೆನೆಕಾ ಕಂಪನಿ ತನ್ನ ಲಸಿಕೆಯಿಂದ ಅತಿ ವಿರಳವಾಗಿ ಟಿಟಿಎಸ್‌, ಅಂದರೆ ಪ್ಲೇಟ್‌ಲೆಟ್‌ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದೆಂದು ಒಪ್ಪಿಕೊಂಡಿತು. ನಮ್ಮ ಕೋವಿಶೀಲ್ಡ್‌ ಅದೇ ಲಸಿಕೆ. 2025ರ ಜೂನ್‌–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಇಸಿಜಿಗಾಗಿ ಬೆಳಗಿನ ಜಾವದಿಂದ ಸಾಲು ನಿಂತಿತು.

ಇಲ್ಲಿ ‘ಲಸಿಕೆಗೆ ಅಡ್ಡಪರಿಣಾಮವೇ ಇಲ್ಲ’ ಎನ್ನುವುದು ಅತಿ ಕೆಟ್ಟ ಉತ್ತರ. ಅದು ಸುಳ್ಳು, ಕೇಳುವವರಿಗೂ ಸುಳ್ಳೆಂದು ಗೊತ್ತು. ಇದ್ದದ್ದನ್ನು ಬಿಡಿಸಿ ಹೇಳಬೇಕು. ಟಿಟಿಎಸ್‌ ನಿಜ. ಆದರೆ ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಡೋಸಿನ ನಂತರದ ಒಂದು ತಿಂಗಳಲ್ಲಿ, ತಡವೆಂದರೆ ಆರು ವಾರದೊಳಗೆ. 2021ರಲ್ಲಿ ಹಾಕಿಸಿಕೊಂಡವರಿಗೆ ನಾಲ್ಕು ವರ್ಷ ಕಳೆದು ಅದು ಬರುವುದಿಲ್ಲ. ಫೈಜರ್‌, ಮೊಡೆರ್ನಾದಂಥ ಎಂಆರ್‌ಎನ್‌ಎ ಲಸಿಕೆಗಳ ನಂತರ ಹರೆಯದ ಗಂಡುಹುಡುಗರಲ್ಲಿ ವಿರಳವಾಗಿ ಹೃದಯದ ಸ್ನಾಯುವಿಗೆ ಉರಿಯೂತ ಆದದ್ದೂ ನಿಜ. ಅಮೆರಿಕದಲ್ಲಿರುವ ಬಂಧುಗಳು ಕಳಿಸುವ ವಾಟ್ಸ್‌ಆ್ಯಪ್‌ ವಿಡಿಯೊಗಳಲ್ಲಿರುವುದು ಆ ಲಸಿಕೆಗಳ ಮಾತು. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಸಿಕ್ಕದ್ದು ಕೋವಿಶೀಲ್ಡ್‌ ಅಥವಾ ಕೋವ್ಯಾಕ್ಸಿನ್‌. ಹಠಾತ್‌ ಸಾವುಗಳ ಬಗ್ಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಮೇಲೆ ಮಾಡಿದ ಅಧ್ಯಯನದಲ್ಲಿ ಲಸಿಕೆ ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ. ಕಂಡದ್ದು ಬೇರೆ: ಮನೆತನದಲ್ಲಿ ಹಠಾತ್‌ ಸಾವು, ಕೋವಿಡ್‌ ಬಂದು ಆಸ್ಪತ್ರೆ ಸೇರಿದ್ದು, ಸಾವಿಗೆ ಹಿಂದಿನ ಎರಡು ದಿನದಲ್ಲಿ ಮಿತಿಮೀರಿದ ಕುಡಿತ, ರೂಢಿಯಿಲ್ಲದ ಭಾರೀ ದೈಹಿಕ ಶ್ರಮ. ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ನೇಮಿಸಿದ ಸಮಿತಿಯೂ ಲಸಿಕೆಯತ್ತ ಬೆರಳು ತೋರಿಸಲಿಲ್ಲ.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಇನ್ನೊಂದು ಮಾತು ಉಳಿಯುತ್ತದೆ. ಮಗುವಿಗೆ ಈಗ ಹಾಕುವುದು ಆ ಲಸಿಕೆಯಲ್ಲ. ದಡಾರದ ಲಸಿಕೆ ನಮ್ಮ ಸಾರ್ವತ್ರಿಕ ಕಾರ್ಯಕ್ರಮಕ್ಕೆ ಸೇರಿದ್ದು 1985ರಲ್ಲಿ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಡಿಪಿಟಿ ಅದಕ್ಕಿಂತ ಹಳೆಯದು. ಕೇಳುತ್ತಿರುವ ತಾಯಿ, ಅವಳ ಗಂಡ ಹೆಚ್ಚಾಗಿ ಇದನ್ನು ಹಾಕಿಸಿಕೊಂಡೇ ಬೆಳೆದವರು. ಅನುಮಾನವೂ ಕೊರೊನಾದಿಂದ ಹುಟ್ಟಿದ್ದೇನಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಐದು ಕಡೆ ದಡಾರ–ರುಬೆಲ್ಲಾ ಅಭಿಯಾನ ಶುರುವಾದಾಗಲೇ ವಾಟ್ಸ್‌ಆ್ಯಪ್‌ನಲ್ಲಿ ಬೇಕಾದಷ್ಟು ವದಂತಿ ಹರಿದಾಡಿತ್ತು. ಕೊರೊನಾ ಕಾಲದ ಒತ್ತಾಯ, ‘ಲಸಿಕೆ ಇಲ್ಲದಿದ್ದರೆ ರೇಷನ್‌ ಇಲ್ಲ’ ಎಂಬ ಬೆದರಿಕೆ, ಹಾಕಿಸಿಕೊಳ್ಳದ ಎರಡನೇ ಡೋಸಿಗೂ ಮೊಬೈಲಿಗೆ ಬಂದ ಮೆಸೇಜು, ಇವೆಲ್ಲ ಹಳೆಯ ಅನುಮಾನಕ್ಕೆ ಗೊಬ್ಬರ ಹಾಕಿದವು. ಬೆದರಿಸಿ ಹಾಕಿದ ಡೋಸು ಆ ದಿನದ ಲೆಕ್ಕಕ್ಕೆ ಸಿಗುತ್ತದೆ, ಮುಂದಿನ ಐದು ಡೋಸುಗಳನ್ನು ಕಳೆಯುತ್ತದೆ.

ಮೂರನೆಯದು ಲೆಕ್ಕದ ಪ್ರಶ್ನೆ: ‘ಹಾಕಿಸ್ಕೊಂಡ್ರೂ ಬಂತಲ್ಲ?’ ಇದನ್ನು ಕಾಗದದ ಮೇಲೆ ತೋರಿಸಿದರೆ ಅರ್ಥವಾಗುತ್ತದೆ. ಒಂದು ಊರಿನಲ್ಲಿ 1,000 ಮಕ್ಕಳು, 900 ಮಕ್ಕಳಿಗೆ ದಡಾರದ ಒಂದು ಡೋಸ್‌ ಆಗಿದೆ ಎಂದಿಟ್ಟುಕೊಳ್ಳಿ. ಒಂಬತ್ತನೇ ತಿಂಗಳಿಗೆ ಹಾಕಿದ ಡೋಸು ನೂರಕ್ಕೆ ಸುಮಾರು 85 ಮಕ್ಕಳಲ್ಲಿ ಹಿಡಿಯುತ್ತದೆ. ಅಂದರೆ ಹಾಕಿಸಿಕೊಂಡ 900ರಲ್ಲಿ 135 ಮಕ್ಕಳಿಗೆ ರಕ್ಷಣೆ ಇಲ್ಲ, ಹಾಕಿಸದ 100 ಮಕ್ಕಳಿಗೂ ಇಲ್ಲ. ದಡಾರ ಊರು ಹೊಕ್ಕು ರಕ್ಷಣೆಯಿಲ್ಲದ ಎಲ್ಲರನ್ನೂ ಹಿಡಿದರೆ 235 ಮಕ್ಕಳಿಗೆ ರೋಗ, ಅದರಲ್ಲಿ 135 ಮಕ್ಕಳು ಲಸಿಕೆ ಆದವರು. ‘ನೋಡಿ, ಅರ್ಧಕ್ಕಿಂತ ಹೆಚ್ಚು ಜನ ಹಾಕಿಸಿಕೊಂಡವರೇ’ ಎಂದು ಯಾರಾದರೂ ಫೇಸ್‌ಬುಕ್ಕಿಗೆ ಹಾಕಿದರೆ ಅಂಕಿ ಸರಿಯೇ. ತಪ್ಪಿರುವುದು ಹೋಲಿಕೆಯಲ್ಲಿ. ಹಾಕಿಸಿಕೊಂಡ ಸುಮಾರು ಏಳು ಮಕ್ಕಳಲ್ಲಿ ಒಂದಕ್ಕೆ ಬಂತು, ಹಾಕಿಸದ ಪ್ರತಿಯೊಂದಕ್ಕೂ ಬಂತು. ಆ 135ರಲ್ಲಿ ಬಹುಪಾಲನ್ನು ಎರಡನೇ ಡೋಸ್‌ ಕಾಯುತ್ತದೆ. ಹದಿನಾರರಿಂದ ಇಪ್ಪತ್ತನಾಲ್ಕನೇ ತಿಂಗಳಿನ ಆ ಮನೆ ಇರುವುದೇ ಅದಕ್ಕೆ. ದಡಾರ ಬಂದ ಒಬ್ಬನಿಂದ, ರಕ್ಷಣೆಯಿಲ್ಲದವರ ನಡುವೆ, 12ರಿಂದ 18 ಜನಕ್ಕೆ ಹರಡುತ್ತದೆ. ತಡೆಯಬೇಕಾದರೆ ನೂರಕ್ಕೆ 95 ಮಕ್ಕಳಿಗೆ ರಕ್ಷಣೆ ಇರಬೇಕು. 2022ರ ಕೊನೆಯಲ್ಲಿ ಮುಂಬೈನ ಗೋವಂಡಿ ಸುತ್ತಮುತ್ತ ದಡಾರ ಎದ್ದು ಮಕ್ಕಳು ಸತ್ತದ್ದು ಈ 95 ಕೈತಪ್ಪಿದ ಜಾಗಗಳಲ್ಲೇ.

ಕೋವಿಡ್‌ ಲಸಿಕೆಗೆ ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಅದು ಸೋಂಕನ್ನು ತಡೆದದ್ದು ಕಡಿಮೆ, ಕೆಲವು ತಿಂಗಳ ಮಟ್ಟಿಗೆ. ಆಮ್ಲಜನಕ ಬೇಕಾಗುವಂಥ ತೀವ್ರ ರೋಗವನ್ನು ತಡೆದದ್ದು ಹೆಚ್ಚು. ‘ಹಾಕಿಸಿಕೊಂಡರೆ ಬರುವುದೇ ಇಲ್ಲ’ ಎಂದು ಆಗ ಹೇಳಿದವರ ಸಾಲವನ್ನು ಈಗ ಮಕ್ಕಳ ಲಸಿಕೆಯವರು ತೀರಿಸುತ್ತಿದ್ದಾರೆ.

ಇನ್ನು ಜ್ವರ. ‘ರಾತ್ರಿಯೆಲ್ಲ ಅಳುತ್ತೆ, ಮಾರನೇ ದಿನ ಕೂಲಿ ಹೋಗುತ್ತೆ’ ಎನ್ನುವ ಅಪ್ಪನದು ಲಸಿಕೆ ವಿರೋಧವಲ್ಲ, ದಿನಗೂಲಿಯ ಲೆಕ್ಕ. ಪೆಂಟಾ ಮತ್ತು ಡಿಪಿಟಿಯಲ್ಲಿ ನಾಯಿಕೆಮ್ಮಿನ ಇಡೀ ರೋಗಾಣುವನ್ನು ಕೊಂದು ಹಾಕಿರುತ್ತಾರೆ, ಜ್ವರ ಮತ್ತು ತೊಡೆಯ ಊತ ಅದರದ್ದು. ಒಂದೆರಡು ದಿನದಲ್ಲಿ ಇಳಿಯುತ್ತದೆ. ದಡಾರ–ರುಬೆಲ್ಲಾ ಲಸಿಕೆಯ ಜ್ವರ ಬೇರೆ, ಅದು ಬರುವುದಾದರೆ ಏಳರಿಂದ ಹನ್ನೆರಡನೇ ದಿನಕ್ಕೆ, ಕೆಲವೊಮ್ಮೆ ತೆಳುವಾದ ಗುಳ್ಳೆಯೊಂದಿಗೆ. ಇದನ್ನು ಮೊದಲೇ ಹೇಳದಿದ್ದರೆ ‘ಸೂಜಿ ಹಾಕಿಸಿದ್ದಕ್ಕೇ ಅಮ್ಮ ಬಂತು’ ಎಂಬ ಸುದ್ದಿ ಕೇರಿ ತುಂಬುತ್ತದೆ. ಬಿಸಿಜಿ ಹಾಕಿದ ಎಡ ತೋಳಿನಲ್ಲಿ ಕೆಲವು ವಾರಗಳ ನಂತರ ಗುಳ್ಳೆ ಎದ್ದು ಒಡೆದು ಕಲೆಯಾಗುವುದು ಸಹಜ. ಅದಕ್ಕೆ ಅರಿಸಿನ, ಮುಲಾಮು ಏನೂ ಬೇಡ.

ಪ್ಯಾರಾಸಿಟಮಾಲ್‌ ಕೊಡುವಾಗ ಆಗುವ ತಪ್ಪು ಬಹಳ, ಆದ್ದರಿಂದ ಬಿಡಿಸಿ ಹೇಳಬೇಕು. ಪ್ರಮಾಣ ತೂಕದ ಮೇಲೆ, ಕಿಲೋಗೆ 15 ಮಿಲಿಗ್ರಾಂ. ಎಂಟು ಕಿಲೋ ಮಗುವಿಗೆ 120 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಸಿರಪ್ಪು ಒಂದೇ ಬಗೆಯದಲ್ಲ. 5 ಮಿಲಿಗೆ 125 ಮಿಲಿಗ್ರಾಂ ಇರುವುದಾದರೆ ಸುಮಾರು 5 ಮಿಲಿ, 250 ಇರುವುದಾದರೆ ಅದರ ಅರ್ಧ. ಹನಿಯ ಪುಟ್ಟ ಬಾಟಲಿಯಲ್ಲಿ 1 ಮಿಲಿಗೇ 100 ಮಿಲಿಗ್ರಾಂ ಇರುತ್ತದೆ. ಅದನ್ನು ಚಮಚ ತುಂಬ ಕುಡಿಸಿದರೆ ನಾಲ್ಕು ಪಟ್ಟು ಮೀರುತ್ತದೆ. ಎರಡು ಸಲದ ನಡುವೆ ಆರು ಗಂಟೆ ಬಿಡಬೇಕು. ಮೂರು ತಿಂಗಳೊಳಗಿನ ಕೂಸಿಗೆ ಸಿಸ್ಟರ್‌ ಅಥವಾ ವೈದ್ಯರನ್ನು ಕೇಳದೆ ಕೊಡಬೇಡಿ. ಸೂಜಿ ಹಾಕಿದ ಜಾಗವನ್ನು ಉಜ್ಜಬಾರದು, ಶಾಖ ಕೊಡಬಾರದು, ಬೇಕಾದರೆ ತಣ್ಣೀರಿನ ಬಟ್ಟೆ ಇಡಬಹುದು. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಅತಿ ವಿರಳವಾದ ತೀವ್ರ ಅಲರ್ಜಿ ಬಂದರೆ ಅಡ್ರಿನಾಲಿನ್‌ ಚುಚ್ಚಲು ಸಿಸ್ಟರ್‌ ಕೈಗೆ ಸಿಗಲಿ ಎಂದು. ಬಸ್ಸಿಗೆ ಹೊತ್ತಾಯಿತೆಂದು ಹತ್ತೇ ನಿಮಿಷಕ್ಕೆ ಏಳುವವರೇ ಹೆಚ್ಚು.

ತಪ್ಪಿದ ಡೋಸನ್ನು ಹೊಂದಿಸುವಾಗ ತಾಯಂದಿರಿಗಿರುವ ದೊಡ್ಡ ಭಯ ‘ಮೊದಲಿಂದ ಶುರು ಮಾಡ್ತಾರೇನೋ’ ಎಂಬುದು. ಮಾಡುವುದಿಲ್ಲ. ನಿಂತ ಮನೆಯಿಂದಲೇ ಮುಂದೆ. ಇಪ್ಪತ್ತು ತಿಂಗಳ ಮಗು, ಆರನೇ ವಾರದ ಪೆಂಟಾ ಒಂದೇ ಆಗಿದೆ ಎನ್ನಿ. ಬಂದ ದಿನವೇ ಪೆಂಟಾದ ಎರಡನೇ ಡೋಸು, ಪೋಲಿಯೊ ಹನಿ, ದಡಾರ–ರುಬೆಲ್ಲಾದ ಮೊದಲನೆಯದು ಒಟ್ಟಿಗೆ ಆಗುತ್ತವೆ. ನಾಲ್ಕು ವಾರ ಬಿಟ್ಟು ಪೆಂಟಾ ಮೂರನೆಯದು ಮತ್ತು ದಡಾರ–ರುಬೆಲ್ಲಾ ಎರಡನೆಯದು. ಅದಾಗಿ ಕನಿಷ್ಠ ಆರು ತಿಂಗಳಿಗೆ ಡಿಪಿಟಿ ಬೂಸ್ಟರು. ಒಂದು ವರ್ಷ ತುಂಬುವವರೆಗೂ ಪೆಂಟಾ ಒಂದೂ ಆಗದಿದ್ದರೆ ಅದರ ಬದಲು ಡಿಪಿಟಿ, ನಾಲ್ಕು ವಾರಕ್ಕೊಂದರಂತೆ ಮೂರು. ಬಿಸಿಜಿಗೆ ಒಂದು ವರ್ಷದ ಗಡಿ. ಪೋಲಿಯೊ ಹನಿಗೂ ದಡಾರ–ರುಬೆಲ್ಲಾಕ್ಕೂ ಸರ್ಕಾರಿ ಪಟ್ಟಿಯಲ್ಲಿ ಐದು ವರ್ಷ. ಒಂದೇ ದಿನ ಎರಡು ಮೂರು ಸೂಜಿ ಚುಚ್ಚಿದರೆ ಮಗುವಿನ ಶಕ್ತಿ ಕುಗ್ಗುವುದಿಲ್ಲ. ಒಂದೇ ತೊಡೆಗೆ ಎರಡು ಹಾಕಬೇಕಾದರೆ ನಡುವೆ ಒಂದು ಅಂಗುಲ ಬಿಡುತ್ತಾರೆ, ಅಷ್ಟೇ. ನೆಗಡಿ, ಸಣ್ಣ ಜ್ವರ, ಹಲ್ಲು ಬರುವಾಗಿನ ಭೇದಿ ಮುಂದೂಡಲು ಕಾರಣಗಳಲ್ಲ. ಆಸ್ಪತ್ರೆ ಸೇರಿಸಬೇಕಾದಷ್ಟು ಕಾಯಿಲೆ ಇದ್ದರೆ ಮುಂದೂಡುತ್ತಾರೆ. ಹಿಂದಿನ ಡೋಸಿಗೆ ತೀವ್ರ ಅಲರ್ಜಿ ಆಗಿದ್ದರೆ ಅದೇ ಲಸಿಕೆಯನ್ನು ಮತ್ತೆ ಹಾಕುವುದಿಲ್ಲ.

ಅನುಮಾನವಿದ್ದವರು ಕೇಂದ್ರದಲ್ಲೇ ಪರೀಕ್ಷಿಸಿಕೊಳ್ಳಬಹುದಾದ ಎರಡು ಸಂಗತಿಗಳಿವೆ. ಲಸಿಕೆಯ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಪುಟ್ಟ ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಿಸಿಗೆ ಕೆಟ್ಟಿಲ್ಲ. ಎರಡೂ ಒಂದೇ ಬಣ್ಣವಾಗಿದ್ದರೆ ಅಥವಾ ಚೌಕವೇ ಕಪ್ಪಾಗಿದ್ದರೆ ಅದನ್ನು ಬಳಸುವಂತಿಲ್ಲ. ಬಿಸಿಜಿ ಮತ್ತು ದಡಾರ–ರುಬೆಲ್ಲಾ ಪುಡಿಯ ರೂಪದಲ್ಲಿ ಬರುತ್ತವೆ, ಜೊತೆಗೆ ಬಂದ ದ್ರವದಲ್ಲೇ ಕಲಸಬೇಕು. ಕಲಸಿದ ಹೊತ್ತನ್ನು ಸೀಸೆಯ ಮೇಲೆ ಬರೆದಿರುತ್ತಾರೆ, ನಾಲ್ಕು ಗಂಟೆ ದಾಟಿದರೆ ಚೆಲ್ಲಬೇಕು. ಲಸಿಕೆಯ ನಂತರ ಮಕ್ಕಳು ಸತ್ತ ಕೆಲವು ದುರಂತಗಳಲ್ಲಿ ಕೈಕೊಟ್ಟದ್ದು ಲಸಿಕೆಯಲ್ಲ, ಈ ನಾಲ್ಕು ಗಂಟೆ. ಹೊತ್ತು ಮೀರಿದ ಸೀಸೆಯಲ್ಲಿ ಬೆಳೆದ ರೋಗಾಣು. ‘ಯಾವಾಗ ಕಲಸಿದ್ರಿ ಸಿಸ್ಟರ್‌’ ಎಂದು ಕೇಳಿದರೆ ಒಳ್ಳೆಯ ಸಿಸ್ಟರ್‌ ಸಿಟ್ಟಾಗುವುದಿಲ್ಲ, ಸೀಸೆ ತಿರುಗಿಸಿ ತೋರಿಸುತ್ತಾರೆ.

ಕಾರ್ಡೇ ಕಳೆದಿದ್ದರೆ ಉಪಕೇಂದ್ರದ ರಿಜಿಸ್ಟರಿನಲ್ಲಿ ತಾಯಿಯ ಹೆಸರಿನಿಂದ ಹುಡುಕಿಸಿ. ಅಲ್ಲೂ ಸಿಗದಿದ್ದರೆ ಹಾಕಿಲ್ಲವೆಂದೇ ಹಿಡಿದು ಹಾಕುತ್ತಾರೆ. ದಡಾರದ ಡೋಸು ಒಂದು ಹೆಚ್ಚಾದರೆ ತೊಂದರೆಯಿಲ್ಲ. ಐದರಿಂದ ಆರು ವರ್ಷಕ್ಕೆ ಹಾಕುವ ಡಿಪಿಟಿಯ ಎರಡನೇ ಬೂಸ್ಟರು ಮಾತ್ರ ಈಗ ಅವಸರದ್ದು. ಏಳು ವರ್ಷ ತುಂಬಿದ ಮೇಲೆ ಡಿಪಿಟಿ ಹಾಕುವುದಿಲ್ಲ, ಟಿಡಿಯಷ್ಟೇ, ಮತ್ತು ಅದರಲ್ಲಿ ನಾಯಿಕೆಮ್ಮಿನ ಭಾಗ ಇರುವುದಿಲ್ಲ. ಮೊದಲ ಲಾಕ್‌ಡೌನ್‌ ನಡುವೆ, 2020ರ ಮೇ ತಿಂಗಳಲ್ಲಿ ಹುಟ್ಟಿದ ಮಗುವಿಗೆ ಆ ಗಡುವು 2027ರ ಮೇ.